ಗೊರಸುಗುಳಿಯ ಗೆಜ್ಜೆಗಪ್ಪೆ

ನಮ್ಮೂರಿನಲ್ಲಿ ಕಪ್ಪೆಗಳು ಮಣ್ಣಿಗಿಳಿದ ಮೇಲೆ ಮನುಷ್ಯರಿಗೆ ಮಾತಿಲ್ಲ. ಹುಣಸೆ ಬಡಿದು ಮುಗಿಯುವ ಹೊತ್ತಿಗೆ ಜವುಗಿನ ನೀರು ಹಿಂಗುತ್ತದೆ, ಕೆಸರು ಬಿರಿದು ಹೆಂಚಿನ ಚೂರುಗಳಂತಾಗುತ್ತದೆ, ಕಪ್ಪೆಗಳು ಒಂದೊಂದಾಗಿ ಬಿರುಕಿನೊಳಗೆ ಇಳಿದು ಮಲಗುತ್ತವೆ. ಅವುಗಳ ಹಿಂದೆಯೇ ನಮ್ಮ ಗಂಟಲುಗಳೂ ಮಲಗುತ್ತವೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ಅವು ಎದ್ದು ಕೂಗಿದಾಗಲೇ ನಮ್ಮ ಬಾಯಿಗೂ ದನಿ.

ಇದರಲ್ಲಿ ದುಃಖಪಡುವಂಥದ್ದೇನೂ ಇರಲಿಲ್ಲ. ಬೇಸಿಗೆಯ ಸಂತೆ ಬೆರಳಿನಲ್ಲೇ ನಡೆಯುತ್ತಿತ್ತು. ಮದುವೆಯ ಮಾತುಕತೆಯನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಜಗಳಗಳನ್ನು ಉಪ್ಪಿನಕಾಯಿಯ ಹಾಗೆ ಊರಲು ಬಿಡುತ್ತಿದ್ದರು. ಎದುರುಮನೆಯ ತಾಯಕ್ಕನಿಗೂ ಅವಳ ನೆರೆಯ ಕರಿಬಸಮ್ಮನಿಗೂ ಶಿವರಾತ್ರಿಯ ಸುಮಾರಿಗೆ ಒಂದು ಕೋಳಿಯ ದೆಸೆಯಿಂದ ಶುರುವಾದ ಜಗಳ, ಬೇಸಿಗೆಯುದ್ದಕ್ಕೂ ಕಣ್ಣಿನಲ್ಲೇ ನಡೆದು, ಮೊದಲ ಮಳೆಗೆ ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿಯುತ್ತಿದ್ದರು. ಬೇಸಿಗೆಯಲ್ಲಿ ಸತ್ತವರನ್ನು ಸುಮ್ಮನೆ ಮಣ್ಣು ಮಾಡಿ, ಮೊದಲ ಮಳೆಯ ಸಂಜೆ ಅವರ ಹೆಸರು ಹಿಡಿದು ಅಳುತ್ತಿದ್ದರು. ಅಳು, ಬೈಗುಳ, ಕೂಸಿಗೆ ಹೆಸರಿಡುವ ಹಾಡು, ಸಾಲ ಕೇಳುವ ದನಿ, ಎಲ್ಲ ಒಂದೇ ಸಂಜೆ ಒಟ್ಟಿಗೆ ಏಳುತ್ತಿದ್ದವು. ಹೊರಗಿನವರು ಆ ಹೊತ್ತಿನಲ್ಲಿ ಬಂದರೆ ನಮ್ಮೂರಿಗೆ ಬೆಂಕಿ ಬಿದ್ದಿದೆ ಅಂದುಕೊಂಡಾರು.

ಒಬ್ಬೊಬ್ಬರಿಗೆ ಒಂದೊಂದು ಕಪ್ಪೆ. ಹುಟ್ಟಿದ ಕೂಸಿಗೆ ಅಪ್ಪನ ಮನೆಯ ಕಪ್ಪೆಯದೇ ದನಿ. ಹೆಣ್ಣು ಮದುವೆಯಾಗಿ ಹೋಗುವಾಗ ತನ್ನ ಕಪ್ಪೆಯ ಮೊಟ್ಟೆಗಳನ್ನು ಮಣ್ಣಿನ ಕೊಡದಲ್ಲಿ ತುಂಬಿಕೊಂಡು ಹೋಗಿ ಗಂಡನ ಮನೆಯ ಕಡೆಯ ನೀರಿಗೆ ಸುರಿಯಬೇಕು. ಆಮೇಲೆ ಆ ನೀರಿನಲ್ಲಿ ಅವಳ ಕಪ್ಪೆ ಕೂಗಿದರೆ ಮಾತ್ರ ಅವಳಿಗೆ ಮಾತು. ಹೀಗೆ ಸೊಸೆಯರು ತಂದು ತಂದು ನಮ್ಮ ಜವುಗಿನಲ್ಲಿ ಎಷ್ಟು ಬಗೆಯ ಕಪ್ಪೆಗಳಿದ್ದವೋ, ಕೇರಿಯಲ್ಲಿ ಅಷ್ಟು ಬಗೆಯ ದನಿಗಳಿದ್ದವು. ನಡುನೀರಿನ ಗೋಂಕರುಗಪ್ಪೆಯವರು ಪಿಸುಗುಟ್ಟಿದರೂ ಮೂರು ಮನೆಗೆ ಕೇಳುತ್ತಿತ್ತು. ನನ್ನದು ಮರಗಪ್ಪೆ, ಹೊಂಗೆಯ ಕೊಂಬೆಗೆ ನೊರೆಗೂಡು ಕಟ್ಟಿ ಮೊಟ್ಟೆಯಿಡುವಂಥದ್ದು. ಮರದ ಬಾಗಿಲನ್ನು ಬೆರಳಿನಿಂದ ತಟ್ಟಿದಂತಿರುವ ದನಿ. ಅಜ್ಜಿಯದು ಗೆಜ್ಜೆಗಪ್ಪೆ.

ಅಜ್ಜಿ ಅಂದರೆ ನನ್ನಪ್ಪನ ತಾಯಿ, ಸಣ್ಣೀರಮ್ಮ. ಹೆತ್ತವರು ಬೇಗ ಹೋದದ್ದರಿಂದ ಅವಳೇ ನನ್ನನ್ನು ಸಾಕಿದವಳು. ಅವಳ ಕಪ್ಪೆ ಹೆಬ್ಬೆರಳಿನ ಉಗುರಿನಷ್ಟು. ಆಳದ ನೀರಿಗೆ ಅದು ಹೋಗುವುದಿಲ್ಲ. ಅಲ್ಲಿ ಮೀನುಗಳಿವೆ, ಗೋಂಕರುಗಳಿವೆ, ಅದರ ಮೊಟ್ಟೆಯನ್ನು ಉಳಿಸುವುದಿಲ್ಲ. ಜವುಗಿನ ಅಂಚಿನಲ್ಲಿ ಎಮ್ಮೆಗಳು ತುಳಿದ ಗೊರಸಿನ ಗುಳಿಗಳಲ್ಲಿ ಅಂಗೈಯಷ್ಟು ನೀರು ನಿಂತರೆ ಸಾಕು, ಅದು ಅಲ್ಲೇ ಬಾಳುವೆ ಮಾಡುತ್ತದೆ. ಅದು ಕೂಗಿದರೆ ಯಾರೋ ಗೆಜ್ಜೆ ಕಟ್ಟಿಕೊಂಡು ಮೆಲ್ಲಗೆ ನಡೆದ ಹಾಗೆ. ಅಜ್ಜಿಯ ಮಾತೂ ಹಾಗೆಯೇ ಇತ್ತು. ಮಳೆಗಾಲದ ಸಂಜೆಗಳಲ್ಲಿ ಅವಳು ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕಥೆ ಹೇಳಿದರೆ, ಕಥೆ ಎಲ್ಲಿ ಮುಗಿಯಿತು, ಅಂಚಿನ ಕಪ್ಪೆಗಳ ದನಿ ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯುತ್ತಿರಲಿಲ್ಲ. ಬೇಸಿಗೆಯಿಡೀ ನಾನು ಆ ಕಥೆಗಳನ್ನು ಒಳಗೇ ಓಡಿಸಿಕೊಂಡು ಬದುಕುತ್ತಿದ್ದೆ. ದನ ಕಟ್ಟುವಾಗ, ರೊಟ್ಟಿ ತಟ್ಟುವಾಗ, ನೀರು ಸೇದುವಾಗ ನಾನು ಬೇರೆಲ್ಲೋ ಇರುತ್ತಿದ್ದೆ. "ಈ ದೇವೀರಿ ನಿಂತಲ್ಲೇ ನಿದ್ದೆ ಮಾಡ್ತಾಳೆ" ಎಂದು ಚಿಕ್ಕಪ್ಪ ಗಿರಿಯಪ್ಪ ಆಡಿಕೊಳ್ಳುತ್ತಿದ್ದ.

ಅಜ್ಜಿಯ ಕಥೆಗಳಲ್ಲಿ ನನಗೆ ಸಿಟ್ಟು ತರಿಸುತ್ತಿದ್ದ ಕಥೆ ಒಂದೇ. ಒಂದು ಬಾವಿಯ ಕಪ್ಪೆದೊರೆಗೆ ತನ್ನ ಬೆನ್ನಿನ ಚುಕ್ಕೆಗಳ ಮೇಲೆ ಬಹಳ ಅಭಿಮಾನ. ತನ್ನಷ್ಟೇ ಚುಕ್ಕೆ, ತನ್ನಂಥದ್ದೇ ಬಣ್ಣ ಇರುವವಳನ್ನೇ ಕಟ್ಟಿಕೊಂಡ. ಮಕ್ಕಳಿಗೂ ಹಾಗೇ ಕಟ್ಟಿಸಿದ, ಮೊಮ್ಮಕ್ಕಳಿಗೂ ಹಾಗೇ. ಹೊರಗಿನ ಕಪ್ಪೆ ಬಾವಿಯ ಕಟ್ಟೆಗೆ ಬಂದರೆ ಒದ್ದು ಓಡಿಸಿದ. ಕೊನೆಗೆ ಬಾವಿಯಲ್ಲಿ ಯಾರು ಅಪ್ಪ ಯಾರು ಮಗ ಎಂದು ಗುರುತು ಹತ್ತದಂತಾಯಿತು. ಒಂದು ದಿನ ಒಬ್ಬನಿಗೆ ನೆಗಡಿಯಾಯಿತು. ಸಂಜೆಗೆ ಬಾವಿಯೇ ಖಾಲಿ.

"ಒಂದು ನೆಗಡಿಗೆ ಎಲ್ಲಾರೂ ಹೆಂಗೆ ಸಾಯ್ತಾರಜ್ಜಿ?"

"ಎಲ್ಲಾರ ಮೂಗೂ ಒಂದೇ ಅಲ್ವೇನೆ ಪೆದ್ದಿ. ಒಬ್ಬನ ಮೂಗಿನ ದಾರಿ ಕಂಡ ನೆಗಡಿಗೆ ಇನ್ನೊಬ್ಬನ ಮೂಗಿನ ದಾರಿ ಯಾರಾದ್ರೂ ಹೇಳಿಕೊಡಬೇಕಾ?"

ಆ ಬಾವಿ ಎಲ್ಲಿದೆ ಎಂದು ನಾನು ಕೇಳಿದರೆ ಅಜ್ಜಿ ಗಲ್ಲವನ್ನು ಮೇಲಿನ ಬೀದಿಯ ಕಡೆಗೆ ಎತ್ತಿ ತೋರಿಸುತ್ತಿದ್ದಳು, ಅಷ್ಟೆ.

ಮೇಲಿನ ಬೀದಿಯಲ್ಲಿ ಕೊಳದ ಮನೆಯವರಿದ್ದರು. ಅವರ ಹಿರೀಕರು ಯಾವಾಗಲೋ ಒರತೆಯ ಸುತ್ತ ಆಳೆತ್ತರದ ನುಣ್ಣನೆಯ ಕಲ್ಲಿನ ಗೋಡೆ ಎಬ್ಬಿಸಿ ಕೊಳ ಮಾಡಿಕೊಂಡಿದ್ದರು. ಅಲ್ಲಿ ನೀರು ಹಿಂಗುವುದಿಲ್ಲ, ಕಪ್ಪೆ ಮಲಗುವುದಿಲ್ಲ, ಅವರ ಮಾತು ನಿಲ್ಲುವುದಿಲ್ಲ. ಒಂದೇ ಜಾತಿಯ, ಒಂದೇ ಬಣ್ಣದ ಕಪ್ಪೆ. ಹೊರಗಿನ ನೀರನ್ನು ಮುಟ್ಟಿಲ್ಲ ಎಂಬುದೇ ಅವರ ಹೆಮ್ಮೆ. ಆ ಮನೆಯ ಗಂಡಸರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು, ಪುಸ್ತಕ ಓದಿದ ಹಾಗೆ. ಆ ಮನೆಗೆ ಬರುವ ಸೊಸೆಯರ ಕೊಡವನ್ನು ಹೊಸ್ತಿಲಲ್ಲೇ ಇಸಿದುಕೊಂಡು ಬೀದಿಗೆ ಸುರಿದುಬಿಡುತ್ತಿದ್ದರು. ತಮ್ಮ ಕೊಳದಲ್ಲಿ ಬೆರಕೆ ಆಗಬಾರದು. ಮದುವೆಯ ದಿನದಿಂದ ಆ ಹೆಣ್ಣುಮಕ್ಕಳಿಗೆ ಮಳೆಗಾಲವೂ ಇಲ್ಲ, ಬೇಸಿಗೆಯೂ ಇಲ್ಲ. ನಮ್ಮ ಕೇರಿಯವರು ಅದನ್ನು "ಕೊಳದ ಮನೆಯ ಸೊಸೆಯರು ಬಲು ಗಂಭೀರ" ಎಂದು ಹೊಗಳುತ್ತಿದ್ದರು. ಈಗ ನೆನೆದರೆ ಮೈ ಉರಿಯುತ್ತದೆ.

ಊರಿನ ಸಭೆ ವರ್ಷಕ್ಕೊಂದು. ಅದು ನಡೆಯುವುದು ಬೇಸಿಗೆಯಲ್ಲಿ. ಯಾಕೆ ಬೇಸಿಗೆಯಲ್ಲಿ ಎಂದರೆ ಮಳೆಗಾಲದಲ್ಲಿ ಗದ್ದಲವಂತೆ. ಕೊಳದ ಮನೆಯ ಯಜಮಾನ ರುದ್ರಸ್ವಾಮಿ ಅಧ್ಯಕ್ಷ. ಅವರು ವಿಷಯ ಓದುತ್ತಾರೆ, "ಯಾರಿಗಾದರೂ ಆಕ್ಷೇಪವಿದೆಯೇ? ಇದ್ದರೆ ಬಾಯಿಬಿಟ್ಟು ಹೇಳಿ" ಎಂದು ಕೇಳುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ. ಗುಮಾಸ್ತ ಪುಟ್ಟಣ್ಣಯ್ಯ "ಯಾರಿಗೂ ಆಕ್ಷೇಪವಿಲ್ಲ" ಎಂದು ಬರೆಯುತ್ತಾನೆ. ಕೈಸನ್ನೆ ದಾಖಲೆಗೆ ಬರುವುದಿಲ್ಲ. ಬರೆದು ಕೊಟ್ಟರೆ ಬರೆದವರೇ ಎದ್ದು ಓದಬೇಕು. ಇಷ್ಟೂ ವರ್ಷ ನಾವೆಲ್ಲ ಅಲ್ಲಿಗೆ ಹೋಗಿ, ಪಾನಕ ಕುಡಿದು, ನೆರಳಿನಲ್ಲಿ ಕುಳಿತು ಬರುತ್ತಿದ್ದೆವು. ಯಾರಿಗೂ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ನನಗೂ ಬಂದಿರಲಿಲ್ಲ. ನಾನು ಬೇರೆಲ್ಲೋ ಇರುತ್ತಿದ್ದೆನಲ್ಲ.

ಆ ವರ್ಷದ ವಿಷಯ ಜವುಗಿನ ಅಂಚು. ಅಲ್ಲಿ ಗ್ರಾವೆಲ್ಲು ಹೊಡೆಸಿ ಮಳಿಗೆಗಳನ್ನು ಕಟ್ಟುವುದೆಂದು ರುದ್ರಸ್ವಾಮಿ ಓದಿದರು. "ಬರೀ ಎಮ್ಮೆ ತುಳಿದ ಹೊಂಡಗಳು. ಸೊಳ್ಳೆ ಬಿಟ್ಟರೆ ಅಲ್ಲಿ ಇನ್ನೇನೂ ಇಲ್ಲ. ಯಾರಿಗಾದರೂ ಆಕ್ಷೇಪವಿದೆಯೇ?"

ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಎದ್ದು ನಿಂತಳು. ನಾನು ಬೆಚ್ಚಿ ಅವಳ ಸೆರಗು ಹಿಡಿದೆ. ಅವಳು ಕೊಡವಿಕೊಂಡಳು. ಬಾಯಿ ತೆರೆದಳು. ಕತ್ತಿನ ನರಗಳು ಉಬ್ಬಿದವು, ತುಟಿ ಅಲುಗಿತು, ಬರೀ ಗಾಳಿ ಬಂತು. ಕೈಯಿಂದ ನೆಲ ತೋರಿಸಿದಳು, ಗಂಟಲು ಮುಟ್ಟಿಕೊಂಡಳು, ಮತ್ತೆ ನೆಲ ತೋರಿಸಿದಳು.

"ಹೇಳಿ ಅಜ್ಜಮ್ಮ, ಏನು ಹೇಳುವುದಿದೆ ಹೇಳಿ. ಕಾಯುತ್ತೇವೆ" ಎಂದರು ರುದ್ರಸ್ವಾಮಿ. ನಿಜಕ್ಕೂ ಕಾದರು. ಅವರ ಮಗ ನಗು ತಡೆಯಲು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಅಜ್ಜಿ ನಿಂತೇ ಇದ್ದಳು. ಪುಟ್ಟಣ್ಣಯ್ಯ ಒಮ್ಮೆ ತಲೆಯೆತ್ತಿ ನೋಡಿ, ತಗ್ಗಿಸಿ, ಬರೆದ. ಚಿಕ್ಕಪ್ಪ ಅಜ್ಜಿಯ ಭುಜ ಒತ್ತಿ ಕೂರಿಸಿದ. ಆಮೇಲೆ ಪಾನಕ ಬಂತು. ಅಜ್ಜಿ ಕುಡಿಯಲಿಲ್ಲ.

ವಾರದೊಳಗೆ ಲಾರಿಗಳು ಬಂದವು. ಬಿರಿದ ನೆಲದಡಿ ಗೆಜ್ಜೆಗಪ್ಪೆಗಳು ಮಲಗಿದ್ದವು. ಅವುಗಳ ಮೇಲೆ ಕೆಂಪು ಗ್ರಾವೆಲ್ಲು ಸುರಿದರು, ಮೇಲೆ ರೋಲರ್ ಓಡಿಸಿದರು. ಅಜ್ಜಿ ಪ್ರತಿದಿನ ಹೋಗಿ ರಸ್ತೆಯಂಚಿನಲ್ಲಿ ನಿಂತು ನೋಡಿ ಬರುತ್ತಿದ್ದಳು. ನಾನು ಅವಳ ಜೊತೆ ನಿಂತು, ಯಾವುದೋ ಕಥೆಯಲ್ಲಿ ಹೀಗೆ ಮಣ್ಣಿನಡಿ ಹೂತುಹೋದವಳು ಏಳು ಬಾಗಿಲು ದಾಟಿ ಮೇಲೆ ಬಂದದ್ದನ್ನು ನೆನೆಯುತ್ತಿದ್ದೆ. ಇವೂ ಬರುತ್ತವೆ ಎಂದುಕೊಂಡೆ. ಕಥೆ ಕೇಳಿ ಬೆಳೆದವರಿಗೆ ಇಂಥ ನಂಬಿಕೆ ಸುಲಭವಾಗಿ ಬರುತ್ತದೆ.

ಮೊದಲ ಮಳೆ ಹಗಲಲ್ಲೇ ಬಂತು. ಸಂಜೆಯ ಹೊತ್ತಿಗೆ ಜವುಗಿನ ನಡುವಿನಿಂದ ಗೋಂಕರು ಎದ್ದಿತು, ಹೊಂಗೆಯಿಂದ ನನ್ನ ಮರಗಪ್ಪೆ ತಟ್ಟಿತು, ನನ್ನ ಗಂಟಲಿನಲ್ಲಿ ಏನೋ ಬಿಚ್ಚಿಕೊಂಡಂತಾಗಿ "ಅಜ್ಜೀ" ಎಂದೆ. ಬೀದಿಯಲ್ಲಿ ಆಗಲೇ ತಾಯಕ್ಕ ಶುರುಮಾಡಿದ್ದಳು: "ನನ್ ಕೋಳಿ ತಿಂದು ಮೂರು ತಿಂಗ್ಳಿಂದ ನನ್ ಕಣ್ಣೆದುರೇ ಹಲ್ಲಿಗೆ ಕಡ್ಡಿ ಹಾಕ್ಕೊಂಡು ಓಡಾಡ್ತಿದ್ದೀಯಲ್ಲೇ!" ಕೆಳಗಿನ ಮನೆಯಲ್ಲಿ ಬೇಸಿಗೆಯಲ್ಲಿ ಹೋದ ಮುದುಕನಿಗೆ ಅಳು ಎದ್ದಿತ್ತು. ಅಜ್ಜಿ ಜಗಲಿಯ ಮೇಲೆ ಕುಳಿತಿದ್ದಳು. ಮಡಿಲಿನಲ್ಲಿ ಕಡಲೆಕಾಯಿ. ಅಂಚಿನ ಕಡೆಗೆ ಕಿವಿ ಕೊಟ್ಟು, ತುಟಿಯನ್ನು ಸಿದ್ಧಮಾಡಿಕೊಂಡು ಕಾಯುತ್ತಿದ್ದಳು.

ಅಂಚಿನಿಂದ ಏನೂ ಬರಲಿಲ್ಲ. ಮಳೆ ಗ್ರಾವೆಲ್ಲಿನ ಮೇಲೆ ಬಿದ್ದು ಜಾರಿ ಹರಿಯುವ ಸದ್ದಷ್ಟೇ.

ಎರಡನೇ ಮಳೆಗೂ ಬರಲಿಲ್ಲ. ಮೂರನೆಯದಕ್ಕೂ ಬರಲಿಲ್ಲ. ಅಜ್ಜಿ ಕಡಲೆಕಾಯಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಆ ಮುಚ್ಚಳದ ಸದ್ದಿಗೆ ನನ್ನ ಕನಸು ಹರಿಯಿತು. ನಾನು ಮೊದಲ ಸಲ ನಿಂತಲ್ಲೇ ಎಚ್ಚರವಾಗಿದ್ದೆ. ಎಚ್ಚರವಾದರೆ ಇಷ್ಟು ಸಿಟ್ಟು ಬರುತ್ತದೆಂದು ಗೊತ್ತಿರಲಿಲ್ಲ.

"ಏನ್ ಮಾಡಾಕಾಯ್ತದೆ ದೇವೀರಿ, ವಯಸ್ಸಾದೋಳು" ಎಂದ ಚಿಕ್ಕಪ್ಪ. "ಮಾತಾಡಿದ್ದು ಸಾಕು ಅಂದ್ಕೊಳ್ಳೋದು. ಒಂದು ಮಳಿಗೆ ನಂಗೂ ಕೊಡ್ತೀವಿ ಅಂದವ್ರೆ."

"ನಿನ್ನ ಹೆತ್ತೋಳ ಗಂಟಲ ಮೇಲೆ ಅಂಗಡಿ ಇಟ್ಕೊಂಡು ಏನು ಮಾರ್ತೀಯ ಚಿಕ್ಕಪ್ಪ?"

ಅವನು ನನ್ನನ್ನು ಗುರುತು ಸಿಗದವನ ಹಾಗೆ ನೋಡಿದ. ನಾನು ಕೇರಿಯ ಮನೆಮನೆಗೂ ಹೋದೆ. ಮಳೆಗಾಲ ಬಂದಿದೆ, ಎಲ್ಲರಿಗೂ ಬಾಯಿದೆ, ಹೋಗಿ ಕೇಳೋಣ ಎಂದೆ. ಸಭೆಯಲ್ಲಿ ಆಗಿಹೋಯಿತಲ್ಲ, ಬರೆದಾಯಿತಲ್ಲ ಎಂದರು. ಇನ್ನು ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಮುಂದಿನ ಸಭೆ ಬೇಸಿಗೆಯಲ್ಲಿ! ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರಿಗೆ ಮಾತಾಡಲು ಮೂಟೆಗಟ್ಟಲೆ ಇತ್ತು: ಕೋಳಿ, ಬೇಲಿ, ಸೊಸೆ, ಬಡ್ಡಿ. ವರ್ಷದ ಅರ್ಧ ಬಾಯಿ ಕಟ್ಟಿದವರು ಉಳಿದ ಅರ್ಧದಲ್ಲಿ ಇಂಥದ್ದನ್ನೇ ಆಡಿ ಮುಗಿಸುತ್ತಾರೆಂದು ಕೊಳದ ಮನೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಕೊಳದ ಮನೆಗೆ ನೆಗಡಿ ಬಂತು. ನಾನು ಅದನ್ನು ನೆಗಡಿ ಎಂದೇ ಕರೆಯುತ್ತೇನೆ. ಒಂದು ಕಪ್ಪೆಯ ಹೊಟ್ಟೆಯ ಚರ್ಮ ಕೆಂಪಾಗಿ ಸುಲಿಯಿತಂತೆ, ಎರಡು ದಿನದಲ್ಲಿ ಹತ್ತಾರು, ಆಮೇಲೆ ಕೊಳದ ಮೇಲೆಲ್ಲ ಬಿಳಿ ಹೊಟ್ಟೆಗಳು. ಅದೇ ರೋಗ ಜವುಗಿಗೂ ಬಂದಿತ್ತು. ಒಂದಿಷ್ಟು ಗೋಂಕರು ಸತ್ತವು, ಮರಗಪ್ಪೆಗಳಿಗೆ ತಾಗಲೇ ಇಲ್ಲ, ರೋಗ ತಾಗಿದ ಉಳಿದವು ಎಷ್ಟೋ ಚೇತರಿಸಿಕೊಂಡು ಕೂಗಿದವು. ಕೊಳದಲ್ಲಿ ಮಾತ್ರ ಒಂದೂ ಉಳಿಯಲಿಲ್ಲ. ಮಳಿಗೆಯ ಪಾಯದ ಪೂಜೆಗೆ ಬಂದಿದ್ದ ರುದ್ರಸ್ವಾಮಿ, "ನಮ್ಮ ಊರಿನ ಏಳಿಗೆಗಾಗಿ ನಾವೆಲ್ಲರೂ ಒಂದೇ ದನಿಯಿಂದ" ಎನ್ನುತ್ತಿದ್ದವರು ಅಲ್ಲಿಗೇ ನಿಂತರು. ಬಾಯಿ ಆಡುತ್ತಿತ್ತು. ಜನ ಚಪ್ಪಾಳೆ ತಟ್ಟಿದರು, ಭಾಷಣ ಮುಗಿಯಿತೆಂದುಕೊಂಡು.

ನಮ್ಮ ಕೇರಿಯವರು ಏನು ಮಾಡಿದರು ಗೊತ್ತೇ? ಕೊಡ ಹೊತ್ತು ಓಡಿದರು. ಯಾರೂ ಕೇಳುವ ಮೊದಲೇ, "ಪಾಪ, ದೊಡ್ಡ ಮನೆಯವರು" ಎನ್ನುತ್ತ, ನನ್ನ ಕಪ್ಪೆಯದು ತಗೊಳ್ಳಿ, ನನ್ನ ಕಪ್ಪೆಯದು ತಗೊಳ್ಳಿ ಎಂದು ಜವುಗಿನ ಮೊಟ್ಟೆಗಳನ್ನೆಲ್ಲ ಬಾಚಿ ಕೊಳಕ್ಕೆ ಸುರಿದರು. ಚಿಕ್ಕಪ್ಪ ಹೊಂಗೆಯ ನೊರೆಗೂಡುಗಳನ್ನು ಕೊಂಬೆಸಮೇತ ಕಡಿದು ಹೊತ್ತೊಯ್ದ. ರೋಗದ ನೀರು, ಏರಲು ಕೊಂಬೆಯಿಲ್ಲ, ದಡವಿಲ್ಲ, ನುಣ್ಣನೆಯ ಗೋಡೆ. ಗೊದಮೊಟ್ಟೆಗಳು ಬಾಲ ಅಲ್ಲಾಡಿಸುವ ಮುಂಚೆಯೇ ಸತ್ತವು. ಕೊಳದ ಮನೆಯ ಮಗ ಮತ್ತೆ ಖಾಲಿ ಕೊಡ ತಂದು ಕೇರಿಯ ತುದಿಯಲ್ಲಿ ನಿಂತ. ಇವರು ಮತ್ತೆ ಜವುಗಿಗೆ ಇಳಿಯಲು ಸಿದ್ಧರಾದರು.

ನಾನು ಚಿಕ್ಕಪ್ಪನ ಕೈಯಿಂದ ಕೊಡ ಕಿತ್ತುಕೊಂಡು ಕಲ್ಲಿಗೆ ಅಪ್ಪಳಿಸಿದೆ.

"ಬರಬೇಕಾದ್ರೆ ಅವೇ ಬರಲಿ! ಗೋಡೆ ಒಡೆದು ದಾರಿ ಬಿಡೋಕೆ ಹೇಳು. ಹೊತ್ತುಕೊಂಡು ಹೋಗಿ ಸುರಿಯೋಕೆ ನಾವೇನು ಅವರ ಮನೇಗೆ ನೀರು ಹೊರೋರಾ? ಸೊಸೇರು ಕೊಡ ಹಿಡ್ಕೊಂಡು ಬಂದಾಗ ಬೀದಿಗೆ ಚೆಲ್ಲಿದೋರು ಅವರು."

ಎದುರಿಗಿದ್ದ ತಾಯಕ್ಕ ನಿಧಾನವಾಗಿ ತನ್ನ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. "ಹುಡುಗಿ ಸರಿಯಾಗೇ ಹೇಳ್ತೈತೆ" ಎಂದಳು. ಅವಳು ಕುಳಿತದ್ದು ನೋಡಿ ಕರಿಬಸಮ್ಮನೂ ಕುಳಿತಳು; ಮಾತಾಡಿಸುತ್ತಿರಲಿಲ್ಲ, ಆದರೆ ಕುಳಿತಳು. ಇಬ್ಬರು ಹೆಂಗಸರು ದಾರಿಗಡ್ಡ ಕೊಡದ ಮೇಲೆ ಕುಳಿತರೆ ದಾಟಿಹೋಗುವ ಗಂಡಸು ನಮ್ಮ ಕೇರಿಯಲ್ಲಿಲ್ಲ.

ಮಾರನೆಯ ದಿನ ನಾನು ಒಂದು ಕೊಡ ಹಿಡಿದು ಇಟ್ಟಿಗೆ ಗೂಡುಗಳ ಕಡೆಗೆ ಹೊರಟೆ. ಅಲ್ಲಿ ಅಜ್ಜಿಯ ತಂಗಿಯನ್ನು ಕೊಟ್ಟಿದ್ದರು. ಅಕ್ಕತಂಗಿಯರಿಬ್ಬರೂ ಒಂದೇ ನೀರಿನಿಂದ ಕೊಡ ತುಂಬಿಕೊಂಡು ಒಬ್ಬಳು ಜವುಗಿಗೆ, ಒಬ್ಬಳು ಗೂಡಿನ ಹೊಂಡಗಳಿಗೆ ಬಂದವರು. ಹೊಲಗಳ ಮೇಲೆ ನಡೆದು ಮಧ್ಯಾಹ್ನಕ್ಕೆ ಮುಟ್ಟಿದೆ. ಗುಡಿಸಲಿನ ಬಾಗಿಲಿಗೆ ಬೆನ್ನು ಹಾಕಿಕೊಂಡು ಒಬ್ಬಳು ಮುದುಕಿ ಸೊಪ್ಪು ಬಿಡಿಸುತ್ತಿದ್ದಳು. "ಯಾವ್ಳೆ ಅದು, ಬೆಳಕಿಗಡ್ಡ ನಿಂತ್ಕೊಂಡಿರೋಳು?" ಎಂದಳು. ಅಜ್ಜಿಯ ದನಿ. ಅಂಚಿನ ಗೆಜ್ಜೆ.

ಚಿಕ್ಕಜ್ಜಿಗೆ ಎಲ್ಲ ಹೇಳಿ ಮುಗಿಸುವಾಗ ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. "ನಮ್ಮಕ್ಕ ಸುಮ್ಕವ್ಳಾ? ಸಣ್ಣೀರಿ ಸುಮ್ಕವ್ಳಾ? ಮದ್ವೆ ದಿನ ಪುರೋಹಿತನ ಮಂತ್ರದ ಮಧ್ಯೆ ಬಾಯಿ ಹಾಕಿದೋಳು ಅವಳು!" ಎಂದು ನಕ್ಕಳು. ನಕ್ಕು ಮುಗಿಸಿ ಮುಖ ಕಲ್ಲು ಮಾಡಿಕೊಂಡಳು. "ನಡಿ."

ಮಣ್ಣು ತೆಗೆದ ಹೊಂಡಗಳ ಸುತ್ತ ಕತ್ತೆ, ಎಮ್ಮೆ ತುಳಿದ ಗುಳಿಗಳು. ಒಂದು ಗುಳಿಯಲ್ಲಿ ಸಾಬಕ್ಕಿ ಕಾಳಿನಂಥ ಮೊಟ್ಟೆಗಳು ಗೊಂಚಲು ಗೊಂಚಲಾಗಿ ಕಂಡವು. ನಾನು ಕೊಡ ಬಗ್ಗಿಸಿದೆ. ಚಿಕ್ಕಜ್ಜಿ ಕೈಗೆ ಹೊಡೆದಳು.

"ಒಂದೇ ಗುಳೀದು ತುಂಬ್ಕೊಂಡು ಹೋಗ್ಬ್ಯಾಡ. ಇವೆಲ್ಲ ಒಂದೇ ತಾಯಿ ಮಕ್ಳು. ನಾಳೆ ಅಣ್ಣ ತಂಗೀನೇ ಕಟ್ಕೊಬೇಕಾಯ್ತದೆ, ಆಮ್ಯಾಕೆ ನಿಮ್ಮ ಕೊಳದ ಮನೆಯೋರ ಗತಿನೇಯ. ಈ ಕಡೆ ಗೂಡಿಂದು ಒಂದು ಬೊಗಸೆ, ಆ ಕಡೆ ಗೂಡಿಂದು ಒಂದು ಬೊಗಸೆ, ಕತ್ತೆ ಕಟ್ಟೋ ಜಾಗದಲ್ಲಿ ಒಂದು ಬೊಗಸೆ. ತಿಳೀತಾ?"

"ತಿಳೀತು ಚಿಕ್ಕಜ್ಜಿ."

"ಎಲ್ಲಿಗ್ ಹಾಕ್ತೀಯ?"

"ಎಲ್ಲಿತ್ತೋ ಅಲ್ಲಿಗೇ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ. ಎಮ್ಮೆ ಹೊಡ್ಕೊಂಡು ಹೋಗು. ಗುದ್ದಲಿ ಗುಳಿ ಬೇರೆ, ಗೊರಸು ಗುಳಿ ಬೇರೆ."

ಮರುದಿನ ಬೆಳಗ್ಗೆ ಜಿಟಿಜಿಟಿ ಮಳೆಯಲ್ಲಿ ನಾನು ಅಂಚಿಗೆ ಹೋಗಿ ಗ್ರಾವೆಲ್ಲನ್ನು ಅಗೆಯಲು ಶುರುಮಾಡಿದೆ. ರೋಲರ್ ಓಡಿಸಿ ಗಟ್ಟಿ ಮಾಡಿದ ನೆಲ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಅಜ್ಜಿ ಬಂದು ಪಕ್ಕದಲ್ಲಿ ಕೊಡವನ್ನು ಮಡಿಲಲ್ಲಿಟ್ಟುಕೊಂಡು, ಮಳೆಗೆ ಗೋಣಿ ಹೊದ್ದು ಕುಳಿತಳು. ದಾರಿಹೋಕರು ನಿಂತು ನೋಡಿದರು. ಒಬ್ಬರೂ ಇಳಿಯಲಿಲ್ಲ. ನನ್ನ ಸಿಟ್ಟು ಯಾವ ಮಟ್ಟಕ್ಕೆ ಹೋಗಿತ್ತೆಂದರೆ, ಬಂದು ಕೈಹಾಕಿದ್ದರೂ ಬೈಯುತ್ತಿದ್ದೆನೇನೋ. ಆಮೇಲೆ ತಾಯಕ್ಕ ತನ್ನ ಎರಡು ಎಮ್ಮೆ ಹೊಡೆದುಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನೂ ಬಂದ, ಹಾರೆ ಹೆಗಲಿಗಿಟ್ಟುಕೊಂಡು, ನನ್ನ ಮುಖ ನೋಡದೆ. "ಸರಿ ಅತ್ಲಾಗೆ, ಹಂಗ್ ಅಗೆದ್ರೆ ವರ್ಸ ಆಯ್ತದೆ" ಎಂದ.

ಕೆಸರು ಕಾಣುವಷ್ಟು ಅಗೆದು ಎಮ್ಮೆಗಳನ್ನು ಇಳಿಸುವ ಹೊತ್ತಿಗೆ ರುದ್ರಸ್ವಾಮಿ ಬಂದರು. ಕೊಡೆ ಹಿಡಿದುಕೊಂಡು ಮಗ, ಹಿಂದೆ ಪುಟ್ಟಣ್ಣಯ್ಯ. ಪುಟ್ಟಣ್ಣಯ್ಯನದು ನಮ್ಮ ಜವುಗಿನದೇ ಕಪ್ಪೆ. ಆ ಮೂವರಲ್ಲಿ ಮಾತಿದ್ದವನು ಅವನೊಬ್ಬನೇ. ರುದ್ರಸ್ವಾಮಿ ಎರಡೂ ಕೈ ಬೀಸಿದರು, ಪಾಯದ ಕಲ್ಲು ತೋರಿಸಿದರು, ಎಮ್ಮೆಗಳನ್ನು ತೋರಿಸಿದರು. ಮುಖ ಕೆಂಡದಂತಿತ್ತು.

ನಾನು ಗುದ್ದಲಿ ಊರಿಕೊಂಡು ನೆಟ್ಟಗೆ ನಿಂತೆ.

"ಪುಟ್ಟಣ್ಣಯ್ಯ, ಬರ್ಕೊಳ್ಳಿ. ಜವುಗಿನ ಅಂಚಿಗೆ ಹಾಕಿದ ಗ್ರಾವೆಲ್ಲು ತೆಗೆದು ಮುಂಚಿನ ಹಾಗೆ ಎಮ್ಮೆ ಬಿಡೋದು ಅಂತ ತೀರ್ಮಾನ. ಯಾರಿಗಾದರೂ ಆಕ್ಷೇಪವಿದೆಯೇ? ಇದ್ದರೆ ಬಾಯಿಬಿಟ್ಟು ಹೇಳಿ."

ರುದ್ರಸ್ವಾಮಿ ಬಾಯಿ ತೆರೆದರು. ಕತ್ತಿನ ನರಗಳು ಉಬ್ಬಿದವು. ಗಂಟಲು ಮುಟ್ಟಿಕೊಂಡರು, ನೆಲ ತೋರಿಸಿದರು.

"ಹೇಳಿ ಯಜಮಾನರೇ. ಕಾಯ್ತೀವಿ" ಎಂದೆ. ನಿಜಕ್ಕೂ ಕಾದೆ. ಮಳೆ ಕೊಡೆಯ ಮೇಲೆ ಬೀಳುತ್ತಿತ್ತು. ಅವರ ಕಣ್ಣುಗಳು, ಅಂದು ಸಭೆಯಲ್ಲಿ ನಿಂತಿದ್ದ ಅಜ್ಜಿಯ ಕಣ್ಣುಗಳಂತೆಯೇ ಆಗಿದ್ದವು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

"ಅವ್ರು ಕೈ ತೋರಿಸ್ತಾವ್ರಲ್ಲ ದೇವೀರಮ್ಮ" ಎಂದ ಪುಟ್ಟಣ್ಣಯ್ಯ, ಮೆಲ್ಲಗೆ.

"ಕೈಸನ್ನೆ ದಾಖಲೆಗೆ ಬರಲ್ಲ. ನಿಮಗೆ ಗೊತ್ತಿರೋದೇ ಅಲ್ವಾ?"

ಪುಟ್ಟಣ್ಣಯ್ಯ ಯಜಮಾನರನ್ನು ನೋಡಿದ, ಅಜ್ಜಿಯನ್ನು ನೋಡಿದ. ಇಷ್ಟು ವರ್ಷ ತಾನು ಬರೆದದ್ದೆಲ್ಲ ಅವನಿಗೆ ನೆನಪಾಯಿತೋ ಏನೋ, ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆಯೇ ಬರೆದುಕೊಂಡ. ತಾಯಕ್ಕ "ಹೋ" ಎಂದು ಎಮ್ಮೆಗಳ ಬೆನ್ನಿಗೆ ಹೊಡೆದಳು. ಎಮ್ಮೆಗಳು ಪಾಯದ ದಾರ ತುಳಿದುಕೊಂಡು ಕೆಸರಿಗಿಳಿದವು. ಅವುಗಳ ಹಿಂದೆ ಒಂದೊಂದೇ ಗುಳಿ ಮೂಡಿ, ಒಂದೊಂದರಲ್ಲೂ ನೀರು ತುಂಬಿತು. ಅಜ್ಜಿ ಎದ್ದು ಬಂದು ಕುಕ್ಕರಗಾಲಿನಲ್ಲಿ ಕುಳಿತು, ಬೊಗಸೆಯಲ್ಲಿ ಮೊಟ್ಟೆಗಳನ್ನು ತೆಗೆದು ಗುಳಿ ಗುಳಿಗೆ ಇಳಿಸಿದಳು, ಹೊಸದಾಗಿ ಮದುವೆಯಾಗಿ ಬಂದವಳ ಹಾಗೆ.

ಕೊಳದ ಮನೆಗೆ ಆ ಮಳೆಗಾಲವಿಡೀ ಯಾರೂ ಕೊಡ ಹೊರಲಿಲ್ಲ. ಮಳೆ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಮೇಲಿನ ಬೀದಿಯಿಂದ ಹಾರೆಯ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಗೋಡೆ ಒಡೆಯುತ್ತಿದ್ದದ್ದು ಯಜಮಾನರಲ್ಲ; ಅವರ ಹೆಂಡತಿ ಅನಸೂಯಮ್ಮ. ಮೂವತ್ತು ವರ್ಷದಿಂದ ಗಂಭೀರವಾಗಿದ್ದವರು. ಸೀರೆ ಎತ್ತಿ ಸಿಕ್ಕಿಸಿ, ಒಂದೊಂದು ಏಟಿಗೂ ಹಲ್ಲು ಕಚ್ಚಿ, ಮೀಟುತ್ತಿದ್ದರು. ಸೊಸೆಯರಿಬ್ಬರು ಕಲ್ಲು ಉರುಳಿಸುತ್ತಿದ್ದರು. ಗಂಡಸರು ಒಳಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅನಸೂಯಮ್ಮ ನನ್ನನ್ನು ಕಂಡು ಒಂದು ಕ್ಷಣ ನಿಂತು, ತಮ್ಮ ಗಂಟಲು ಮುಟ್ಟಿಕೊಂಡು, ಬೀದಿಯ ಒಂದು ಜಾಗವನ್ನು ತೋರಿಸಿದರು. ಅವರ ಕೊಡ ಸುರಿದದ್ದು ಅಲ್ಲಿ. ನಾನು ನೆಲದ ಮೇಲಿದ್ದ ಇನ್ನೊಂದು ಹಾರೆ ಎತ್ತಿಕೊಂಡೆ. ಸಂಜೆಯೊಳಗೆ ಒಂದು ಪಕ್ಕದ ಗೋಡೆ ಬಿದ್ದು, ಕೊಳದ ನೀರು ಕಾಲುವೆಯಾಗಿ ಜವುಗಿಗೆ ಹರಿಯಿತು.

ಆಮೇಲಿನ ಬೇಸಿಗೆಯಲ್ಲಿ ಊರಿಗೆ ಊರೇ ಸುಮ್ಮನಿತ್ತು, ಮೇಲಿನ ಬೀದಿಯೂ ಸೇರಿ. ಸಭೆ ನಡೆಸಲು ಯಾರಿಗೂ ಬಾಯಿರಲಿಲ್ಲ. ಹಾಗಾಗಿ ಸಭೆ ಮಳೆಗಾಲಕ್ಕೆ ಹೋಯಿತು. ಇದನ್ನು ಯಾರೋ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು ಎಂದು ಈಗ ಮಾತಾಡಿಕೊಳ್ಳುತ್ತಾರೆ. ಸುಳ್ಳು.

ಸಭೆಯ ದಿನ ಚಾವಡಿಯ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ನಾಲ್ಕೈದು ಮಳೆ ಆಗಲೇ ಆಗಿದ್ದವು. ಎಲ್ಲರ ಕಪ್ಪೆಗಳೂ ಎದ್ದಿದ್ದವು, ಅಂಚಿನದೊಂದು ಬಿಟ್ಟು. ನಾನು ಪ್ರತಿ ಸಂಜೆ ಗುಳಿಗಳ ಹತ್ತಿರ ಹೋಗಿ ಕೂರುತ್ತಿದ್ದೆ. ಉಗುರಿನಷ್ಟು ಮರಿಗಳು ಹಾರುವುದು ಕಾಣುತ್ತಿತ್ತು. ಕೂಗು ಮಾತ್ರ ಇರಲಿಲ್ಲ. ಅಜ್ಜಿ ಕಳೆದ ಬೇಸಿಗೆಯಲ್ಲಿ ಬಹಳ ಇಳಿದುಹೋಗಿದ್ದಳು. ಅವಳನ್ನು ಚಿಕ್ಕಪ್ಪ ಹೆಗಲು ಕೊಟ್ಟು ಕರೆತಂದು ಕಂಬಕ್ಕೆ ಒರಗಿಸಿ ಕೂರಿಸಿದ್ದ. ರುದ್ರಸ್ವಾಮಿಯವರಿಗೆ ಜವುಗಿನಿಂದ ಕಾಲುವೆ ಹತ್ತಿ ಕೊಳಕ್ಕೆ ಬಂದ ಯಾವುದೋ ಬಗ್ಗಡದ ಕಪ್ಪೆಯ ಒರಟು ದನಿ ಸಿಕ್ಕಿತ್ತು. ಅವರು ಅದರಿಂದ ನಾಚಿಕೊಂಡೇ ಮಾತಾಡುತ್ತಿದ್ದರು. ಅಂದಿನ ವಿಷಯ ಬೀದಿದೀಪ. ಜನ ಗದ್ದಲ ಮಾಡಿದರು, ಕೂಗಾಡಿದರು, ತಾಯಕ್ಕ ತನ್ನ ಮನೆ ಮುಂದೆ ಬೇಕೆಂದಳು, ಕರಿಬಸಮ್ಮ ಅವಳ ಮನೆ ಮುಂದೆ ಮಾತ್ರ ಬೇಡ ಎಂದಳು. ಕೊನೆಗೆ ರುದ್ರಸ್ವಾಮಿ ಹಳೆಯ ರೂಢಿಯಂತೆ ಕೇಳಿದರು.

"ಯಾರಿಗಾದರೂ ಆಕ್ಷೇಪವಿದೆಯೇ?"

ಆಗ ಮಳೆಯ ಸದ್ದಿನ ಅಡಿಯಿಂದ, ಅಂಚಿನ ಕಡೆಯಿಂದ, ಯಾರೋ ಗೆಜ್ಜೆ ಕಟ್ಟಿಕೊಂಡು ಒಂದು ಹೆಜ್ಜೆ ಇಟ್ಟ ಹಾಗಾಯಿತು. ನಿಂತಿತು. ಇನ್ನೊಂದು ಹೆಜ್ಜೆ. ಆಮೇಲೆ ಗುಳಿಯಿಂದ ಗುಳಿಗೆ ಹರಡಿತು.

ಅಜ್ಜಿ ಕಂಬ ಹಿಡಿದು ಎದ್ದು ನಿಂತಳು. ಚಿಕ್ಕಪ್ಪ ಭುಜಕ್ಕೆ ಕೈಹಾಕಲು ಹೋದ. ನಾನು ಅವನ ಕೈ ಹಿಡಿದೆ.

"ನಂಗೈತೆ" ಎಂದಳು ಅಜ್ಜಿ.

ರುದ್ರಸ್ವಾಮಿ ಕೆಮ್ಮಿ, "ದೀಪದ ವಿಷಯದಲ್ಲೇ ಅಜ್ಜಮ್ಮ?" ಎಂದರು.

"ದೀಪ ಎಲ್ಲಾದ್ರೂ ಹಾಕ್ಕಳ್ರಪ್ಪ. ಇದು ಹಿಂದ್ಲ ಸಭೇದು. ನೀವು ಕೇಳಿದ್ರಿ, ನಾನು ಎದ್ದಿದ್ದೆ, ಹೇಳಾಕೆ ಆಗಿರ್ಲಿಲ್ಲ." ಅಜ್ಜಿ ಪುಟ್ಟಣ್ಣಯ್ಯನ ಕಡೆ ತಿರುಗಿದಳು. "ಹಳೇ ಹಾಳೆ ತೆಗಿಯಪ್ಪ. ಅಲ್ಲಿ ಯಾರಿಗೂ ಇಲ್ಲ ಅಂತ ಬರ್ದಿದ್ದೀಯಲ್ಲ, ಅದನ್ನ ಹೊಡೆದುಹಾಕು. ಹಾಕಿದ್ಯಾ? ಹ್ಞೂಂ. ಈಗ ಬರ್ಕೊ."